ಗುಂಬದೊಳಗಿನ ಕೀಲೆಣ್ಣೆ

ಬೆಳಕು ಹರಿಯುವ ಹೊತ್ತಿಗೆ ಮಶಾಕಸಾಬರು ಹಳ್ಳದ ದಂಡೆಯಲ್ಲಿ, ಮೊಣಕಾಲ ತನಕ ಎರೆಮಣ್ಣಿನಲ್ಲಿ ನಿಂತಿದ್ದಾರೆ. ನಿನ್ನೆ ಬಂದ ನೆರೆ ಇಳಿದಿದೆ. ಕಂಟಿಯಲ್ಲಿ ಸಿಕ್ಕಿಕೊಂಡ ಜಾಲಿಬೇರೊಂದನ್ನು ಎಳೆದು, ತಿರುವಿ ನೋಡಿ, ಮೂಸಿ, ಹೆಗಲಿಗೇರಿಸುತ್ತಾರೆ. ಒಲೆಗೆಂದು ಕಟ್ಟಿಗೆ ಆಯುವ ಹೆಂಗಸರು ಅದನ್ನು ಬಿಟ್ಟು ಮುಂದೆ ಹೋಗಿದ್ದಾರೆ. ಅಷ್ಟು ಸೊಟ್ಟಗಿರುವುದನ್ನು ಸೀಳುವವರು ಯಾರು? ಇದೇ ಬೇರು ಹುಬ್ಬಳ್ಳಿಯ ಯಾವುದೋ ದವಾಖಾನೆಯ ಗಾಜಿನ ತೊಟ್ಟಿಯಲ್ಲಿ, ಬಣ್ಣದ ಮೀನುಗಳ ನಡುವೆ ನಿಲ್ಲುತ್ತದೆ ಎಂದರೆ ಅವರು ನಗುತ್ತಾರೆ.

ಗುಡಗೇರಿ ಸಮೀಪದ ಹಳ್ಳಿಯ ಈ ಮನುಷ್ಯನನ್ನು ಊರವರು ‘ಮೀನಿನ ಸಾಬ’ ಎನ್ನುತ್ತಾರೆ. ಮೀನು ತಿನ್ನುವುದನ್ನು ಬಿಟ್ಟು ಅವರಿಗೆ ಎಷ್ಟೋ ವರ್ಷವಾಯಿತು.

ತಂದ ಬೇರನ್ನು ಅಂಗಳದ ಡ್ರಮ್ಮಿನಲ್ಲಿ ನೆನೆಯಿಡುತ್ತಾರೆ. ನೀರು ಚಹಾದ ಬಣ್ಣಕ್ಕೆ ತಿರುಗಿದಾಗಲೆಲ್ಲ ಚೆಲ್ಲಿ ಹೊಸದು ತುಂಬುತ್ತಾರೆ. ಆಮೇಲೆ ಕುದಿಸಿ, ತೇಲಬಾರದೆಂದು ಅದರ ಅಡಿಗೆ ಫರಸಿಕಲ್ಲಿನ ತುಂಡು ಬಿಗಿಯುತ್ತಾರೆ. ಹುಬ್ಬಳ್ಳಿಯ ಮೀನಿನ ಅಂಗಡಿಯವರು ಹೇಳಿ ಕಳಿಸಿದ ಮನೆಗೆ ಹೋಗಿ, ತೊಟ್ಟಿಯಲ್ಲಿ ಮರಳು ಹಾಸಿ, ಬೇರನ್ನು ಒಂದು ಬದಿಗೆ ಓರೆಯಾಗಿ ಕೂರಿಸಿ, ಅದರ ಸಂದಿಗಳಲ್ಲಿ ಕೆರೆಯ ನೀರುಹುಲ್ಲು ನೆಡುತ್ತಾರೆ. “ನಟ್ಟನಡುವ ಇಟ್ರ ಕಂಬ ಹುಗದಂಗ ಕಾಣ್ತೈತ್ರಿ. ಹಳ್ಳ ತಂದು ಒಗದ ಹೋದಂಗ ಇರಬೇಕು,” ಎನ್ನುತ್ತಾರೆ.

ಹಳ್ಳ ತಂದು ಒಗೆಯುವುದನ್ನು ಅವರಷ್ಟು ಕಾದವರು ಈ ಭಾಗದಲ್ಲಿ ಇನ್ನೊಬ್ಬರಿಲ್ಲ.

ಮೊದಲು ಅವರು ಚಕ್ಕಡಿ ಮಾಡುವ ಬಡಿಗರಾಗಿದ್ದರು. ಎಂಬತ್ತನೇ ಇಸವಿಯ ಮಳೆಗಾಲದಲ್ಲಿ ಹೆಂಡತಿ ಖಾದರಬಿ ನೆರೆಮನೆಯ ಲಕ್ಷ್ಮಣಪ್ಪನವರ ಚಕ್ಕಡಿಯಲ್ಲಿ ಗುಡಗೇರಿ ಸಂತೆಗೆ ಹೋಗಿದ್ದರು. ಆ ಚಕ್ಕಡಿಯೂ ಮಶಾಕಸಾಬರೇ ಮಾಡಿಕೊಟ್ಟದ್ದು. ಮರಳಿ ಬರುವಾಗ ಹಳ್ಳದ ನಡುವೆ ಗಾಲಿ ಹೂತು ನಿಂತಿತು, ಮೇಲಿನಿಂದ ನೀರು ಏರಿ ಬಂತು. ಲಕ್ಷ್ಮಣಪ್ಪ ನೊಗದ ಹಗ್ಗ ಕೊಯ್ದರು. ಎತ್ತಿನ ಕೊಂಬು ಹಿಡಿದು ಅವರು ದಂಡೆ ಸೇರಿದರು. ಚಕ್ಕಡಿ ಖಾದರಬಿಯನ್ನು ಹೊತ್ತುಕೊಂಡು ಹೋಯಿತು.

“ಮಣ್ಣ ಕೊಡಾಕ ಏನೂ ಸಿಗಲಿಲ್ರಿ,” ಎನ್ನುತ್ತಾರೆ ಮಶಾಕಸಾಬರು. “ನೆರಿ ಇಳದಾಗೊಮ್ಮೆ ಹುಡಕಾಕ ಹೋಗತಿದ್ದೆ. ಆಕಿ ಸಿಗಲಿಲ್ಲ, ಕಟ್ಟಿಗಿ ಸಿಕ್ಕೂವು.”

ಬರಿಗೈಯಲ್ಲಿ ಮನೆಗೆ ಬರಲಾರದೆ ಅವುಗಳನ್ನೇ ತಂದು ಅಂಗಳದಲ್ಲಿ ಒಟ್ಟಿದರು. ಹುಬ್ಬಳ್ಳಿಯಿಂದ ಬಂದ ಬೀಗರೊಬ್ಬರು ಒಂದನ್ನು ಮೀನಿನ ಅಂಗಡಿಗೆ ಒಯ್ದು ತೋರಿಸಿದ್ದೇ ಹೊಸ ಕಸುಬಿಗೆ ದಾರಿಯಾಯಿತು. ಮರ ಕೆತ್ತುವ ಬಾಚಿ ಗೋಡೆಗೆ ತೂಗಿದ್ದು ತೂಗಿದಂತೆಯೇ ಇದೆ. ಆಮೇಲೆ ಅವರು ಒಂದೂ ಚಕ್ಕಡಿ ಮಾಡಲಿಲ್ಲ. ಲಕ್ಷ್ಮಣಪ್ಪನವರೊಂದಿಗೆ ಮಾತು ಬಿಟ್ಟಿರಾ ಎಂದು ಕೇಳುತ್ತೇನೆ. ಆತನೂ ತಮ್ಮ ಜೋಡಿ ಎಷ್ಟೋ ಸಲ ದಂಡೆ ತಿರುಗಿದ್ದಾನೆ ಎನ್ನುತ್ತಾರೆ.

ಹೋದ ವರ್ಷದ ನೆರೆ ಮಾತ್ರ ಬೇರೇನನ್ನೋ ತಂದಿತು. ಗಾಲಿಯ ಅರೆಗಳೆಲ್ಲ ಬಂದು ಕೂಡುವ ನಡುವಿನ ಗುಂಬ. ಸೀಳು ಬಿಟ್ಟಲ್ಲಿ, ಲಕ್ಷ್ಮಣಪ್ಪನವರ ಚಕ್ಕಡಿಗೆಂದು ತಾವೇ ಹೊಡೆದಿದ್ದ ಬೆಣೆಯನ್ನು ಕಂಡು ಮಶಾಕಸಾಬರು ಅಲ್ಲೇ ಕೆಸರಿನಲ್ಲಿ ಕುಳಿತುಬಿಟ್ಟರು. ಇದನ್ನೇ ಖಬರಸ್ತಾನದಲ್ಲಿ ಹುಗಿದು ಸಮಾಧಾನ ಮಾಡಿಕೋ ಎಂದು ಹಿರಿಯರು ಹೇಳಿದರು. ಇವರ ಮನಸ್ಸು ಒಪ್ಪಲಿಲ್ಲ. ಗುಡಗೇರಿ ಸ್ಟೇಶನ್ ಬಳಿ ಅಂದಾನೆಪ್ಪನವರ ಚಹಾದ ಹೋಟೆಲಿನಲ್ಲಿ ಇವರೇ ಸಜ್ಜು ಮಾಡಿದ ಮೀನಿನ ತೊಟ್ಟಿಯಿದೆ. ಅದರೊಳಗೆ ಗುಂಬವನ್ನು ಕೂರಿಸಿ, ಅರೆಗಳಿದ್ದ ತೂತುಗಳಲ್ಲಿ ನೀರುಹುಲ್ಲು ನೆಟ್ಟರು. ಪ್ರತಿ ಬೇರನ್ನೂ ತಿಂಗಳುಗಟ್ಟಲೆ ನೆನೆಯಿಡುವ ಮನುಷ್ಯ ಅದೊಂದನ್ನು ಮಾತ್ರ ಬರೀ ತೊಳೆದು ಇಟ್ಟರು. ತಡೆದುಕೊಳ್ಳಲು ಆಗಲಿಲ್ಲವಂತೆ.

ಮರುದಿನ ಮುಂಜಾನೆ ನೀರಿನ ಮೇಲೆ ಎಣ್ಣೆಯ ಪದರು ಕಟ್ಟಿತ್ತು. ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಗಾಲಿ ಕಿರುಗುಟ್ಟದಿರಲೆಂದು ಹಾಕುವ ಕೀಲೆಣ್ಣೆಯನ್ನು ಗುಂಬ ಇಷ್ಟು ವರ್ಷ ಹಳ್ಳದ ಕೆಸರಿನಲ್ಲಿದ್ದೂ ಬಿಟ್ಟುಕೊಟ್ಟಿರಲಿಲ್ಲ.

“ಮೀನ ಸತ್ರ ಮತ್ತ ತರಬಹುದ್ರಿ,” ಎನ್ನುತ್ತಾರೆ ಅಂದಾನೆಪ್ಪ. “ಕಾಕಾ ಗಲ್ಲಾದ ಮುಂದ ನಿಂತು ಅತ್ತನಲ್ಲ, ಅದನ್ನ ನೋಡಾಕ ಆಗಲಿಲ್ಲ.” ಹೊಸ ಮೀನು ಬಂದಿವೆ. ತೊಟ್ಟಿಯಲ್ಲಿ ಗುಂಬವಿದ್ದ ಮೂಲೆಯಲ್ಲಿ ಬರೀ ಮರಳಿದೆ. ಅಲ್ಲಿ ಏನನ್ನೂ ಇಡಲು ಅಂದಾನೆಪ್ಪ ಬಿಡುವುದಿಲ್ಲ.

ಗುಂಬ ಈಗ ಮಶಾಕಸಾಬರ ಅಂಗಳದಲ್ಲಿ ಬೇರೆಯದೇ ಡ್ರಮ್ಮಿನಲ್ಲಿದೆ. ಮುಚ್ಚಳ ತೆಗೆದು ತೋರಿಸುತ್ತಾರೆ. ನೀರಿನ ಮೇಲೆ ತೆಳ್ಳಗೆ ಎಣ್ಣೆ ಹೊಳೆಯುತ್ತಿದೆ. ಅರಳೆಯಿಂದ ಅದನ್ನು ಮೆಲ್ಲಗೆ ಎತ್ತುತ್ತಾರೆ. ಬೇರುಗಳನ್ನು ಕುದಿಸುವಂತೆ ಇದನ್ನೂ ಕುದಿಸಿದರೆ ಬೇಗ ಬಿಡುವುದಿಲ್ಲವೇ ಎಂದು ಕೇಳುತ್ತೇನೆ. ಅವರು ಅರಳೆಯನ್ನು ಮತ್ತೊಮ್ಮೆ ನೀರಿನ ಮೇಲೆ ಆಡಿಸುತ್ತಾರೆ.

“ಅವತ್ತ ಮುಂಜಾನೆ ಗಾಲಿ ಕಿರಗುಡತೈತಿ ಅಂತ ಲಕ್ಷ್ಮಣಪ್ಪ ಕೀಲೆಣ್ಣಿ ಕೇಳಿದ್ದ. ನನಗ ಪುರಸೊತ್ತ ಇರಲಿಲ್ರಿ. ಆಕೀನ ಎಣ್ಣಿ ಹಾಕಿ, ಸೆರಗಿಗೆ ಕೈ ಒರಸ್ಕೊಂಡು ಚಕ್ಕಡಿ ಹತ್ತಿದ್ಲು.”

ಕೇಳಬಾರದ್ದನ್ನು ಕೇಳಿದೆನೆಂದು ನನಗೆ ಸಂಕಟವಾಗುತ್ತದೆ. ಅವರೇ ಮುಂದುವರಿಸುತ್ತಾರೆ.

“ಎಣ್ಣಿ ಬರೂದು ನಿಲ್ಲಬೇಕ್ರಿ. ನಿಂತ್ರನ ಮೀನ ಬದುಕತಾವು. ಅದರ ಸುತ್ತ ನಾಕ ಜೀವ ಆಡಲಿ ಅನ್ನೂದ ನನ್ನ ಆಸೆ.” ಅರಳೆಯನ್ನು ಹಿಂಡದೆ ಹಾಗೆಯೇ ಅಂಗೈಯಲ್ಲಿ ಹಿಡಿದುಕೊಳ್ಳುತ್ತಾರೆ. “ಆದ್ರ ದಿನಾ ಮುಂಜಾನೆ ಮುಚ್ಚಳ ತಗಿಯೂಮುಂದ, ಇವತ್ತೊಂದ ದಿನ ಎಣ್ಣಿ ಬರಲಿ ಅನಸತೈತ್ರಿ.”