ಬಣ್ಣಕ್ಕೂ ಸಿಗದ ಚುಕ್ಕಿ

ಬೆಳಕು ಹರಿಯುವ ಮುನ್ನವೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಪರದೆ ಹೊತ್ತಿಕೊಳ್ಳುತ್ತದೆ. ಹೊರಗೆ ನೆಲ ಒರೆಸುವವರ ಬಕೆಟ್ಟಿನ ಸದ್ದು. ಒಳಗೆ ಹೆಂಗಸೊಬ್ಬರು ಮೂಗು ತಾಗುವಷ್ಟು ಮುಂದೆ ಬಾಗಿ ಕೂತಿದ್ದಾರೆ. ನೀಲಿ, ಕಿತ್ತಳೆ, ಹಸಿರು ಅಕ್ಷರಗಳ ಸಾಲುಗಳು ಸರಸರನೆ ಮೇಲಕ್ಕೆ ಓಡುತ್ತವೆ. ಒಂದು ಕಡೆ ಕೈ ಥಟ್ಟನೆ ನಿಲ್ಲುತ್ತದೆ.

"ಈ ಸಾಲಲ್ಲಿ ಹಸಿರೇ ಇಲ್ಲ ನೋಡಿ. ಮಿಲಿಗ್ರಾಮ್ ಅಂತ ಬರೆಯೋದನ್ನ ಯಾರೋ ಮರೆತಿದ್ದಾರೆ."

ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಬಗ್ಗಿ ನೋಡುತ್ತೇನೆ. ಹೌದು, ಮರೆತಿದ್ದಾರೆ. ಆದರೆ ಆ ಸಾಲನ್ನು ಅವರು ಓದಿಲ್ಲ. ಓದಲು ಅವರಿಂದ ಆಗುವುದೂ ಇಲ್ಲ.

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ದೊಡ್ಡಕ್ಕ ಎನ್ನುತ್ತಾರೆ. ಯಾವ ಔಷಧ, ಯಾವ ವಯಸ್ಸಿಗೆ ಎಷ್ಟು ಎಂದು ದಾದಿಯರಿಗೆ ತಿಳಿಸುವ ಕೈಪಿಡಿಯ ಕರಡು ತಿದ್ದುವುದು ಅವರ ಕೆಲಸ. ಅದಕ್ಕೂ ಮೊದಲು ಮುದ್ರಣಾಲಯವೊಂದರಲ್ಲಿ ಇದೇ ಕೆಲಸ ಮಾಡುತ್ತಿದ್ದರು. ಇಲ್ಲಿಗೆ ಬಂದ ಮೇಲೆ ಕಣ್ಣಿನ ನಡುಭಾಗ ಸವೆಯತೊಡಗಿತು. ಬಣ್ಣ ಉಳಿಯಿತು, ಅಕ್ಷರ ಮಂಜಾಯಿತು.

"ಅಕ್ಷರ ನಂಬ್ಕೊಂಡು ಬದುಕಿದವಳು ನಾನು. ಯಾರಿಗೂ ಹೇಳಲಿಲ್ಲ. ಒಂದು ದಿನ ಚಹಾಕ್ಕೆ ಸಕ್ಕರೆ ಅಂತ ಉಪ್ಪು ಹಾಕಿಬಿಟ್ಟೆ. ನಮ್ಮ ಯಜಮಾನರು ತುಟಿ ಪಿಟಕ್ಕೆನ್ನದೆ ಕುಡಿದರು. ಆಗಲೇ ನನಗೆ ನಿಜವಾಗಿ ಭಯ ಆಗಿದ್ದು."

ದಾರಿ ತೋರಿಸಿದ್ದು ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ನಾದಿನಿ. ಅವಳ ಪರದೆಯಲ್ಲಿ ಒಂದೊಂದು ಬಗೆಯ ಪದಕ್ಕೆ ಒಂದೊಂದು ಬಣ್ಣ ಇರುವುದನ್ನು ಕಂಡು ದೊಡ್ಡಕ್ಕ ಕೇಳಿದರಂತೆ: "ಇದು ಅಂದಕ್ಕೋ, ಅರ್ಥಕ್ಕೋ?"

"ಅರ್ಥಕ್ಕೇ ಅತ್ತಿಗೆ. ತಪ್ಪಿದರೆ ಬಣ್ಣ ಕೆಡುತ್ತೆ."

ಇಬ್ಬರೂ ಕೂತು ಕೈಪಿಡಿಗೂ ನಿಯಮ ಬರೆದರು. ಔಷಧದ ಹೆಸರು ನೀಲಿ, ಪ್ರಮಾಣ ಕಿತ್ತಳೆ, ಅಳತೆ ಹಸಿರು, ಎಚ್ಚರಿಕೆ ಕೆಂಪು. ಅನುಮಾನ ಬಂದ ಸಾಲನ್ನು ಕಂಪ್ಯೂಟರೇ ಕಿವಿಯಲ್ಲಿ ಓದಿ ಹೇಳುತ್ತದೆ. ಆದರೂ ಒಂದು ಕೊರತೆ ಉಳಿಯಿತು. ದಶಮಾಂಶದ ಚುಕ್ಕಿ ಎಷ್ಟು ಸಣ್ಣದೆಂದರೆ, ಬಣ್ಣ ಬಳಿದರೂ ಅವರ ಕಣ್ಣಿಗೆ ಬೀಳದು. ಅರ್ಧ ಎನ್ನಲು ಹಿಂದೆ ಸೊನ್ನೆಯಿಲ್ಲದೆ ಬರೀ ಚುಕ್ಕಿ ಐದು ಎಂದು ಬರೆದರೆ, ಅವಸರದಲ್ಲಿ ಅದು ಐದೇ ಆಗಿಬಿಡಬಹುದು. ಹತ್ತು ಪಟ್ಟು ಔಷಧ.

ಅದಕ್ಕೆ ನಾದಿನಿ ಇನ್ನೊಂದು ವಿದ್ಯೆ ಕಲಿಸಿದಳು. ಮಾಮೂಲಿ ಹುಡುಕಾಟದಲ್ಲಿ ಒಂದು ಪದ ಕೊಟ್ಟರೆ ಆ ಪದವಷ್ಟೇ ಸಿಗುತ್ತದೆ. ಇದರಲ್ಲಿ ಪದದ ಚಹರೆ ಕೊಟ್ಟರೆ ಸಾಕು: ಹಿಂದೆ ಅಂಕಿಯಿಲ್ಲದ, ಮುಂದೆ ಅಂಕಿಯಿರುವ ಚುಕ್ಕಿ. ಸಿಕ್ಕಿದ್ದೆಲ್ಲ ಹಳದಿಯಾಗುತ್ತದೆ. ಮೊದಲ ಸಲ ದೊಡ್ಡಕ್ಕ ಬರೀ ಚುಕ್ಕಿ ಒತ್ತಿದಾಗ ಇಡೀ ಪುಟವೇ ಹಳದಿಯಾಯಿತಂತೆ.

"ನಮ್ಮಲ್ಲಿ ಒಂದು ಅಕ್ಷರಾನೂ ಸರಿಯಿಲ್ಲವೇನೇ ಅಂದೆ. ಅವಳು ಬಿದ್ದು ಬಿದ್ದು ನಕ್ಕಳು. ಬರೀ ಚುಕ್ಕಿ ಅಂದರೆ ಈ ಹುಡುಕಾಟದ ಲೆಕ್ಕದಲ್ಲಿ ಯಾವ ಅಕ್ಷರ ಆದರೂ ಸರಿಯಂತೆ. ಹಿಂದೆ ಒಂದು ಓರೆಗೆರೆ ಹಾಕಿದರೆ ಮಾತ್ರ ನಿಜವಾದ ಚುಕ್ಕಿ."

ಕಳೆದ ವರ್ಷ ಹೊಸ ಆವೃತ್ತಿಯ ಕರಡಿನಲ್ಲಿ ಈ ಹುಡುಕಾಟ ಒಂದೇ ಒಂದು ಕಡೆ ನಿಂತಿತು. ಮಕ್ಕಳ ಔಷಧ. ದೊಡ್ಡಕ್ಕ ಸೊನ್ನೆ ಸೇರಿಸಿದರು. ಅಲ್ಲಿಗೆ ಕೆಲಸ ಮುಗಿದಿತ್ತು, ಆದರೆ ಮನಸ್ಸು ತಡೆಯಲಿಲ್ಲ. ವಾರ್ಡುಗಳಲ್ಲಿ ಆಗಲೇ ಬಳಕೆಯಲ್ಲಿದ್ದ ಆವೃತ್ತಿಯನ್ನೂ ತೆರೆದು ಹುಡುಕಿದರು. ಅಲ್ಲೂ ಅದೇ ಸಾಲು, ಅದೇ ಬೋಳು ಚುಕ್ಕಿ.

ಔಷಧ ವಿಭಾಗದ ಮುಖ್ಯಸ್ಥರಿಗೆ ಫೋನ್ ಹೋಯಿತು. ಅವರು ಫೋನ್ ಇಟ್ಟವರೇ ಮಕ್ಕಳ ವಾರ್ಡಿಗೆ ಓಡಿದರು. ಅಲ್ಲಿನ ಹಿರಿಯ ದಾದಿ ಕೈಪಿಡಿ ಹಿಡಿದು, ಕಿಟಕಿಯ ಬೆಳಕಿಗೆ ಒಡ್ಡಿ ನೋಡುತ್ತಿದ್ದರು.

"ಸಿರಿಂಜು ತುಂಬಿಸಿಟ್ಟಿದ್ದೆ. ಇಷ್ಟು ಪುಟ್ಟ ಮಗುವಿಗೆ ಇಷ್ಟೊಂದಾ ಅನ್ನಿಸಿ ಕೈ ಹಿಂದೆ ಬಂತು. ಪುಸ್ತಕ ನೋಡಿದರೆ ಐದು ಅಂತಲೇ ಕಾಣ್ತಿದೆ. ಅಷ್ಟರಲ್ಲಿ ಸಾರ್ ಏದುಸಿರು ಬಿಡ್ತಾ ಬಂದು, ಬೇಡ ಸಿಸ್ಟರ್, ಕೆಳಗಿಡಿ ಅಂದರು," ಎಂದು ಆ ದಾದಿ ನನಗೆ ಹೇಳುತ್ತಾರೆ.

ಮಗು ಗುಣವಾಗಿ ತಾಯಿಯ ಹೆಗಲ ಮೇಲೆ ಮನೆಗೆ ಹೋಯಿತು. ಆ ತಾಯಿ ಹೊರಟಾಗ ದೊಡ್ಡಕ್ಕ ಬಾಗಿಲ ಬಳಿಯೇ ಇದ್ದರಂತೆ. ಮಾತಾಡಿಸಲಿಲ್ಲವೇ?

"ಏನಂತ ಮಾತಾಡಿಸಲಿ? ನಿಮ್ಮ ಮಗುವಿಗೆ ಏನೂ ಆಗಲಿಲ್ಲ ಅಂತಲಾ? ಅದು ಅವರಿಗೂ ಗೊತ್ತಲ್ಲ." ಮತ್ತೆ ಸೇರಿಸುತ್ತಾರೆ, "ಮಗುವಿಗೆ ಹಳದಿ ಟೋಪಿ ಹಾಕಿದ್ದರು. ಅಷ್ಟು ಚೆನ್ನಾಗಿ ಕಾಣಿಸ್ತು."

ಬಣ್ಣಗಳೂ ಮುಂದೊಂದು ದಿನ ಮಸುಕಾಗಬಹುದು ಎಂದು ಕಣ್ಣಿನ ವೈದ್ಯರು ಹೇಳಿದ್ದಾರೆ. ಅದಕ್ಕೇ ದೊಡ್ಡಕ್ಕ ಈಗ ತಮ್ಮ ಹುಡುಕಾಟದ ಸೂತ್ರಗಳನ್ನೆಲ್ಲ ಔಷಧ ವಿಭಾಗದವರಿಗೆ ಕಲಿಸುತ್ತಿದ್ದಾರೆ. ನಾನು ಹೊರಡಲು ಏಳುವ ಹೊತ್ತಿಗೆ ಇಂದಿನ ಕರಡಿನ ಮೇಲೆ ಕೊನೆಯ ಸಲ ಹುಡುಕಾಟದ ಕೀಲಿ ಒತ್ತುತ್ತಾರೆ. "ಏನೂ ಸಿಗಲಿಲ್ಲ" ಎಂದು ಕಂಪ್ಯೂಟರು ಓದುತ್ತದೆ. ದೊಡ್ಡಕ್ಕ ಬೆನ್ನು ನೆಟ್ಟಗೆ ಮಾಡಿ ಕುರ್ಚಿಗೆ ಒರಗುತ್ತಾರೆ.

"ದಿನಾ ಇಷ್ಟು ಕೇಳಿಸಿಕೊಂಡು ಮನೆಗೆ ಹೋದರೆ ಸಾಕು ನನಗೆ."