ಪೊರೆಯ ಬಣ್ಣ ಹೋದ ದಿನ

ಏಳನೆಯ ತರಗತಿಗೇ ಶಾಲೆ ಬಿಟ್ಟವನು ನಾನು. ಮಾನ್ವಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ತಂಗಿ ಹೈದರಾಬಾದಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಬೇರೆ ಊರಿನ ಲ್ಯಾಬಿನಲ್ಲಿ ಮಾಡಿಸಿದ ಚಿಪ್ ಒಂದನ್ನು ಅಲ್ಲಿಗೆ ಒಯ್ಯುವಾಗ ನಡುವೆ ಇಳಿದು ಅಂಗಡಿಗೆ ಬಂದಳು. ಡಬ್ಬಿ ತೆರೆದು ತೋರಿಸಿದಳು. ಚಿಪ್‌ನ ನಡುವೆ ಸಾಸಿವೆಯಷ್ಟು ಕಿಟಕಿ. ಅದಕ್ಕೆ ಬಿಗಿದ ಪೊರೆ ಓರೆಯಾಗಿ ನೋಡಿದರೆ ಸೋಪಿನ ಗುಳ್ಳೆಯಂತೆ ಬಣ್ಣ ಬಿಡುತ್ತಿತ್ತು.

"ಇದು ಬಾರಿಸೋ ಹಲಗಿ ಇದ್ದಂಗ ಅಣ್ಣಾ. ಬಡಿಯೋದು ಕೈ ಅಲ್ಲ, ಬೆಳಕು."

"ಬೆಳಕು ತಳ್ಳತದೇನು? ಹಂಗಾದ್ರ ಈ ಟ್ಯೂಬ್‌ಲೈಟು ನನ್ನ ಯಾವಾಗೋ ಕೆಡವಬೇಕಿತ್ತು."

"ನಿನ್ನ ಹೊಟ್ಟಿ ನೋಡಿ ಹೆದರಿರ್ಬೇಕು ಅದು."

ನಕ್ಕು ಮುಂದೆ ಹೇಳಿದಳು. ಬೆಳಕು ಹೆಚ್ಚಿಸಿದಂತೆ ಪೊರೆಯ ಅಲುಗಾಟವೂ ಅಷ್ಟಷ್ಟೇ ಹೆಚ್ಚುತ್ತದೆ. ಒಂದು ಹಂತ ದಾಟಿತೋ, ಆ ಲೆಕ್ಕ ತಪ್ಪಿ ಒಮ್ಮೆಲೇ ಜೋರಾಗಿ ಕುಣಿಯತೊಡಗುತ್ತದೆ. ಬೆಳಕನ್ನು ಅದೇ ಹಂತಕ್ಕೆ ಇಳಿಸಿದರೂ ನಿಲ್ಲುವುದಿಲ್ಲ, ಇನ್ನೂ ಬಹಳ ಕೆಳಗಿಳಿಸಬೇಕು. ಮಾಡಿಸಿದವುಗಳಲ್ಲಿ ಹಾಗೆ ಕುಣಿದದ್ದು ಇದೊಂದೇ. ಅವಳ ಕೆಲಸವೆಲ್ಲ ಇದರ ಮೇಲೆ ನಿಂತಿತ್ತು.

ಡಬ್ಬಿ ತೆರೆದೇ ಇಟ್ಟು ಅವಳು ಮುಖ ತೊಳೆಯಲು ಹೋದಳು. ಕಿಟಕಿಯ ಮೇಲೆ ಧೂಳಿನ ಕಣ ಕೂತಿತ್ತು. ದಿನವಿಡೀ ಫೋನುಗಳ ಧೂಳು ಊದುವ ಕೈ ಇದು. ರಬ್ಬರ್ ಬ್ಲೋವರ್ ತೆಗೆದು ಒಮ್ಮೆ ಒತ್ತಿದೆ. ಧೂಳು ಹೋಯಿತು. ಬಣ್ಣವೂ ಹೋಯಿತು. ಮತ್ತೆಷ್ಟು ಓರೆ ಮಾಡಿ ನೋಡಿದರೂ ಬರಲಿಲ್ಲ. ಡಬ್ಬಿ ಮುಚ್ಚಿಟ್ಟೆ. ಅವಳು ಅದನ್ನು ಎದೆಗವಚಿಕೊಂಡು ಬಸ್ ಹತ್ತಿದಳು.

ಮರುದಿನ ಫೋನ್ ಬಂತು. "ಪೊರಿ ಹರದದ ಅಣ್ಣಾ. ತೊಡಿ ಮ್ಯಾಲೇ ಇಟ್ಕೊಂಡಿದ್ದೆ. ನಾನೇ ಕೆಡಿಸಿಬಿಟ್ಟೆ."

"ನಮ್ಮ ರಸ್ತೆ ಸರಿ ಇಲ್ಲ ಬಿಡವ್ವಾ," ಎಂದೆ. ಊದಿದ್ದು ತಿಳಿಯದೆ. ಇದನ್ನು ಮಾತ್ರ ತಿಳಿದೇ ಹೇಳಿದೆ.

ಅವಳ ಗುರುಗಳು ಅವಳನ್ನು ಬೇಜವಾಬ್ದಾರಿ ಎಂದರಂತೆ. ಅಳುತ್ತಾ ಎಷ್ಟೋ ಸಲ ಫೋನ್ ಮಾಡಿದಳು. ಪ್ರತಿ ಸಲವೂ ಸಮಾಧಾನ ಹೇಳಿದೆ, ಸತ್ಯ ಹೇಳಲಿಲ್ಲ. ಕೊನೆಗೊಂದು ದಿನ ಗಂಟುಮೂಟೆ ಸಮೇತ ರಾಯಚೂರು ಸ್ಟೇಷನ್ನಿನಲ್ಲಿ ಇಳಿದಳು; ಕರೆತರಲು ನಾನು ಹೋಗಿದ್ದೆ.

"ನನ್ನ ದೇವದುರ್ಗದಾಗ ಅವ್ವನ ಹತ್ರ ಬಿಡು. ಇನ್ನ ಓದೋದಿಲ್ಲ."

ಎತ್ತಿದ ಚೀಲ ಕೆಳಗಿಟ್ಟೆ. "ನಾನೇ ಊದಿದ್ದೆವ್ವಾ, ಬ್ಲೋವರ್‌ಲೆ. ನೀ ಮುಖ ತೊಳಿಯಾಕ ಹೋದಾಗ."

ಅವಳು ಬೈಯಲಿಲ್ಲ. "ನಿನ್ನೆನೇ ಓದು ಬಿಡ್ತೀನಂತ ಗುರುಗಳಿಗೆ ಬರದು ಕೊಟ್ಟು ಬಂದೆನಲ್ಲೋ," ಎಂದು ಅಲ್ಲೇ ಕಲ್ಲುಬೆಂಚಿನ ಮೇಲೆ ಕುಸಿದಳು. ಆಮೇಲೆ ಗುರುಗಳ ನಂಬರ್ ಒತ್ತಿ ಫೋನನ್ನು ನನ್ನ ಕೈಗೆ ತುರುಕಿದಳು.

"ನನಗ ಹೇಳಿದ್ದನ್ನ ಅವರಿಗೆ ಹೇಳು."

ರಿಂಗಾಗಿ ಆಗಿ ನಿಂತಿತು. ಮತ್ತೆ ಮಾಡಿದೆ. ಯಾರೂ ಎತ್ತಲಿಲ್ಲ.