ಹನಿ ಬಿದ್ದರೂ ನಮಾಜು

ಕುಡಚಿಯಲ್ಲಿ ಗಾದಿ ಹೊಲಿಯುವ ಮೀರಾಸಾಬರಿಗೆ ಅರವತ್ತಾರು ವರ್ಷ. ಅರಳೆ ತುಂಬಿ ದೊಡ್ಡ ಸೂಜಿಯಿಂದ ಹೊಲಿಗೆ ಹಾಕುತ್ತ, ಬಂದ ಗಿರಾಕಿಗಳ ಜೊತೆ ಕನ್ನಡ, ಮರಾಠಿ ಎರಡರಲ್ಲೂ ಹರಟುತ್ತಾರೆ. ಅಜಾನ್ ಕೇಳಿದರೆ ಮಾತ್ರ ಸೂಜಿಯನ್ನು ಗಾದಿಗೆ ಚುಚ್ಚಿಟ್ಟು ಎದ್ದುಬಿಡುತ್ತಿದ್ದರು.

ಹೋದ ವರ್ಷ ಅವರು ಮಸೀದಿಗೆ ಹೋಗುವುದನ್ನೇ ಬಿಟ್ಟರು. ಮೂತ್ರ ಮಾಡಿ ಬಂದ ಮೇಲೂ ಹನಿಹನಿಯಾಗಿ ಸೋರುತ್ತಿತ್ತು. ನಮಾಜಿಗೆ ಮುಂಚೆ ಕೈ, ಮುಖ, ಕಾಲು ತೊಳೆದು ಮಾಡುವ ವಜೂ ಒಂದು ಹನಿ ಬಿದ್ದರೂ ಮುರಿಯುತ್ತದೆ. ಇದನ್ನು ಯಾರಿಗೂ ಹೇಳದೆ, ನೀರು ಕುಡಿಯುವುದನ್ನು ಕಡಿಮೆ ಮಾಡಿದರು. ಬೇಸಿಗೆಯ ಒಂದು ಮಧ್ಯಾಹ್ನ ತಲೆ ಸುತ್ತಿ ಅರಳೆಯ ರಾಶಿಯ ಮೇಲೆ ಬಿದ್ದರು.

"ಅರಳಿ ಮ್ಯಾಲ ಬಿದ್ದೀರಂತ ಉಳದೀರಿ. ಈಗರ ಬಾಯಿ ಬಿಡ್ರಿ, ಏನಾಗೇತಿ?" ಎಂದು ಹೆಂಡತಿ ಹುಸೇನಬಿ ಗದರಿದ ಮೇಲೆ ಎಲ್ಲ ಹೇಳಿದರು. ಮರುದಿನವೇ ಇಬ್ಬರೂ ದೊಡ್ಡಾಸ್ಪತ್ರೆಗೆಂದು ಮಿರಜಿನ ರೈಲು ಹತ್ತಿದರು.

ಡಾಕ್ಟರು ಮೂತ್ರಚೀಲದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯನ್ನು ಪರೀಕ್ಷಿಸಿ, ಪಿಎಸ್‌ಎ ಎಂಬ ರಕ್ತಪರೀಕ್ಷೆ ಮಾಡಿಸಿದರು. ಅಂಕಿ ಹೆಚ್ಚಿತ್ತು. ಅಷ್ಟರಿಂದಲೇ ಕ್ಯಾನ್ಸರ್ ಎನ್ನಲಾಗದು ಎಂದು ಸ್ಕ್ಯಾನ್ ಮಾಡಿಸಿ, ಗ್ರಂಥಿಯ ಸಣ್ಣ ತುಣುಕುಗಳನ್ನು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರೇ ಆಗಿತ್ತು; ಆದರೆ ಹೊರಗೆ ಹರಡಿರಲಿಲ್ಲ. ಆಪರೇಷನ್ ಮಾಡಬಹುದು, ಆಮೇಲೆ ಕೆಲವು ತಿಂಗಳು ಮೂತ್ರ ಇನ್ನೂ ಹೆಚ್ಚು ಸೋರಬಹುದು, ಬಹಳ ಜನರಿಗೆ ಕ್ರಮೇಣ ಕಡಿಮೆಯಾಗುತ್ತದೆ ಎಂದರು.

"ಬ್ಯಾಡ್ರಿ. ನಮಾಜ ಬಿಟ್ಟ ಬದುಕಿ ಏನ್ ಮಾಡ್ಲಿ?" ಎಂದು ಮೀರಾಸಾಬ ಎದ್ದು ಬಂದರು.

ಊರಿಗೆ ಬಂದ ಹುಸೇನಬಿ ಗಂಡನಿಗೆ ಹೇಳದೆ ಮಸೀದಿಯ ಮೌಲಾನಾರ ಮನೆಗೆ ಹೋದರು. ಸಂಜೆ ಮೌಲಾನಾ ತಲೆದಿಂಬು ಕೇಳುವ ನೆಪದಲ್ಲಿ ಮೀರಾಸಾಬರ ಮನೆಮುಂದಿನ ಅಂಗಡಿಗೆ ಬಂದು ಕುಳಿತರು.

"ಚಾಚಾ, ಹನಿ ನಿಲ್ಲದ ಜಡ್ಡ ಇದ್ದವರಿಗೆ ಬ್ಯಾರೆ ನಿಯಮ ಐತಿ. ಒಂದೊಂದು ನಮಾಜಿನ ಹೊತ್ತಿಗೆ ಒಮ್ಮೆ ವಜೂ ಮಾಡ್ರಿ. ಆ ಹೊತ್ತು ಮುಗಿಯೂತನಕ ಹನಿ ಬಿದ್ರೂ ಅದು ಮುರಿಯಂಗಿಲ್ಲ."

"ಖರೇನ?"

"ಈ ಜಡ್ಡ ನಿಮಗ ಮೊದಲ ಬಂದೈತೇನ ಚಾಚಾ? ಹಿಂದಿನವರೂ ಕೇಳ್ಯಾರ, ಕಿತಾಬದಾಗ ಬರದಾರ."

ಮೀರಾಸಾಬ ಸೂಜಿಯನ್ನು ಗಾದಿಗೆ ಚುಚ್ಚಿಟ್ಟರು. "ಮಸೀದ್ಯಾಗಿನ ಚಾಪಿ ಒದ್ದಿ ಆದ್ರ?"

ಒಳಗಿನಿಂದ ಹುಸೇನಬಿ ಕೂಗಿದರು: "ಪ್ಯಾಡ್ ಹಾಕ್ಕೋರಿ. ಗಾದಿ ಹೊಲ್ಯಾವರ ಮನ್ಯಾಗ ಅರಳಿಗೇನ್ ಬರ ಬಂದೈತಿ?"

ಮೌಲಾನಾ ನಗು ತಡೆಯಲಾರದೆ ಮುಖ ತಿರುಗಿಸಿದರು.

ಮೀರಾಸಾಬ ಒಪ್ಪಿದರು; ಮುಂದಿನ ತಿಂಗಳು ಆಪರೇಷನ್ ಆಯಿತು. ಗಾಯ ಮಾಯ್ದ ಮೇಲೆ ಮೀರಾಸಾಬ ಮಸೀದಿಗೆ ಹೋದರು. ಮೊದಲು ಬಾಗಿಲ ಹತ್ತಿರದ ಸಾಲಿನಲ್ಲಿ ನಿಂತರು. ಸೋರುವುದು ಕಡಿಮೆಯಾದಂತೆ ಮುಂದಕ್ಕೆ ಬಂದರು. ಪಿಎಸ್‌ಎ ಮಾಡಿಸಲು ಈಗಲೂ ಮಿರಜಿಗೆ ಹೋಗಿಬರುತ್ತಾರೆ.

ಮೊನ್ನೆ ಶುಕ್ರವಾರ ಅವರ ವಾರಿಗೆಯವರೊಬ್ಬರು ವಜೂ ಮಾಡಿ ಹೋದವರು, ಮುಖ ಸಣ್ಣದು ಮಾಡಿಕೊಂಡು ಮತ್ತೆ ವಜೂ ಮಾಡಲು ನಲ್ಲಿಯ ಬಳಿಗೆ ಬಂದರು. ಮೀರಾಸಾಬ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದರು:

"ನಾಚಬ್ಯಾಡ. ಮೌಲಾನಾನ್ನೂ ಕೇಳು, ಡಾಕ್ಟರನ್ನೂ ಕೇಳು. ನಾ ಇಬ್ಬರನ್ನೂ ತಡಾ ಮಾಡಿ ಕೇಳಿದೆ."